ನೋಟಿಸ್ ಪೂರ್ತಿ ಮಾಡದೆ ಕೆಲಸ ಬಿಟ್ಟವರ ಬೋನಸ್: ತಡೆಹಿಡಿಯಬಹುದೇ?

ಶಾಪ್‌ಫ್ಲೋರ್ ಎಚ್‌ಆರ್

ಪೀಣ್ಯದ ಮಷೀನ್ ಶಾಪ್, 64 ಜನ, ಶುರುವಾಗಿ ಹದಿನೈದು ವರ್ಷದ ಮೇಲಾಗಿದೆ. ಒಬ್ಬ ಸಿಎನ್‌ಸಿ ಆಪರೇಟರ್ 2025ರ ಸೆಪ್ಟೆಂಬರ್ 8ಕ್ಕೆ ರಾಜೀನಾಮೆ ಕೊಟ್ಟು 20ಕ್ಕೆ ಕೊನೆಯ ಶಿಫ್ಟ್ ಮುಗಿಸಿದ್ದಾರೆ. ಅಪಾಯಿಂಟ್‌ಮೆಂಟ್ ಲೆಟರ್ ಪ್ರಕಾರ ನೋಟಿಸ್ 30 ದಿನ. ಅಂದರೆ 12 ದಿನ ಆಗಿದೆ, 18 ದಿನ ಬಾಕಿ. ಬೇಸಿಕ್ ಮತ್ತು ವಿಡಿಎ (ಬೆಲೆ ಏರಿಕೆಗೆ ತಕ್ಕಂತೆ ಬದಲಾಗುವ ತುಟ್ಟಿಭತ್ಯೆ) ಸೇರಿ 18,400, ಗ್ರಾಸ್ 22,500. ಲೆಟರ್‌ನಲ್ಲಿ ಹೀಗೊಂದು ಸಾಲಿದೆ: ನೋಟಿಸ್ ಪೂರೈಸದೆ ಹೋದವರು ಆ ವರ್ಷದ ಬೋನಸ್‌ಗೆ ಅರ್ಹರಲ್ಲ. ಬೋನಸ್ ಸೊನ್ನೆ ಮಾಡಿ, ಮೇಲಿಂದ 18 ದಿನದ ನೋಟಿಸ್ ಹಣವನ್ನೂ ಮುರಿದುಕೊಳ್ಳಿ ಅನ್ನುವುದು ಮೇಲಿನವರ ಮಾತು. ಆ ಸಾಲು ಕಾನೂನಿನಲ್ಲಿ ನಿಲ್ಲುತ್ತದೆಯೇ? ಕೊಡಲೇಬೇಕು ಅಂದರೆ ಎಷ್ಟು, ಯಾವಾಗ?

ಮಸ್ಟರ್‌ರೋಲ್

ನಿಲ್ಲುವುದಿಲ್ಲ.

ಶಾಸನಬದ್ಧ ಬೋನಸ್ (ಕೊಡಲೇಬೇಕು ಎಂದು ಕಾನೂನೇ ಹೇಳುವ ವಾರ್ಷಿಕ ಬೋನಸ್) ಕೈತಪ್ಪುವ ಕಾರಣಗಳನ್ನು 1965ರ ಬೋನಸ್ ಪಾವತಿ ಕಾಯ್ದೆಯ 9ನೇ ಸೆಕ್ಷನ್ ಎಣಿಸಿಯೇ ಹೇಳಿತ್ತು. ವಂಚನೆ, ಸಂಸ್ಥೆಯ ಆವರಣದಲ್ಲಿ ದೊಂಬಿ ಅಥವಾ ಹಿಂಸೆ, ಸಂಸ್ಥೆಯ ಆಸ್ತಿಯ ಕಳವು, ದುರುಪಯೋಗ, ಬೇಕೆಂದೇ ಹಾಳುಮಾಡುವುದು. ಇವುಗಳಲ್ಲಿ ಒಂದಕ್ಕಾಗಿ ವಜಾ ಆಗಿರಬೇಕು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗದಲ್ಲಿ ಕೂತಿದೆ. ಅದರ 29ನೇ ಸೆಕ್ಷನ್ ಅದೇ ಪಟ್ಟಿಗೆ ಲೈಂಗಿಕ ಕಿರುಕುಳದ ಅಪರಾಧ ಸಾಬೀತಾಗಿರುವುದನ್ನು ಸೇರಿಸಿದೆ, ಅಷ್ಟೇ. ನೋಟಿಸ್ ಕಡಿಮೆ ಕೊಟ್ಟದ್ದು ಆಗಲೂ ಆ ಪಟ್ಟಿಯಲ್ಲಿರಲಿಲ್ಲ, ಈಗಲೂ ಇಲ್ಲ.

ಇನ್ನು ಲೆಟರ್‌ನ ಸಾಲು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕಾಯ್ದೆಯದೇ ಮೇಲುಗೈ ಎಂದು ಹಳೆಯ ಕಾಯ್ದೆಯ 34ನೇ ಸೆಕ್ಷನ್ ಹೇಳಿತ್ತು. ಬೋನಸ್ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಆ ಮಟ್ಟಿಗೆ ಶೂನ್ಯ ಎಂದು ಸಂಹಿತೆಯ 60ನೇ ಸೆಕ್ಷನ್ ಇನ್ನೂ ಬಿಡಿಸಿ ಹೇಳುತ್ತದೆ. ನೌಕರ ಸಹಿ ಹಾಕಿದ್ದಾನೆ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಇದೆಲ್ಲ ಶಾಸನಬದ್ಧ ಬೋನಸ್‌ಗೆ ಮಾತ್ರ ಅನ್ನುವುದನ್ನು ಮರೆಯಬೇಡಿ. ವೇರಿಯಬಲ್ ಪೇ, ಪರ್ಫಾರ್ಮೆನ್ಸ್ ಬೋನಸ್, ಜಾಯ್ನಿಂಗ್ ಬೋನಸ್ ಇವುಗಳ ಹಣೆಬರಹ ಬೇರೆ.

ಸಂಬಳದ ಹಾಳೆ

ಎಷ್ಟು ಅನ್ನುವುದಕ್ಕೆ ನಾನು ಲೆಕ್ಕ ಹಾಕುತ್ತೇನೆ. ಮೊದಲು ಅರ್ಹತೆ: ತಿಂಗಳ ಬೇಸಿಕ್ ಮತ್ತು ಡಿಎ 21,000 ಮೀರಬಾರದು (2015ರ ತಿದ್ದುಪಡಿಯ ಅಂಕಿ), ಆ ಲೆಕ್ಕಪತ್ರ ವರ್ಷದಲ್ಲಿ (ಏಪ್ರಿಲ್‌ನಿಂದ ಮಾರ್ಚ್) ಕನಿಷ್ಠ 30 ಕೆಲಸದ ದಿನ ದುಡಿದಿರಬೇಕು, ಸಂಸ್ಥೆಯಲ್ಲಿ 20 ಅಥವಾ ಹೆಚ್ಚು ಜನ ಇರಬೇಕು. ಮೂರೂ ಆಗಿದೆ. ಗ್ರಾಸ್ 22,500 ಇದೆಯಲ್ಲ ಎಂದು ಪಟ್ಟಿಯಿಂದ ಹೆಸರು ತೆಗೆಯುವವರಿದ್ದಾರೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಓವರ್‌ಟೈಮ್, ಕನ್ವೇಯನ್ಸ್ ಇವು ಹಳೆಯ ಕಾಯ್ದೆಯ ವೇತನದಲ್ಲಿ ಬರುವುದೇ ಇಲ್ಲ.

ಎರಡನೆಯದು ಲೆಕ್ಕದ ಮಿತಿ. ಬೋನಸ್ ಕಟ್ಟುವುದು ಪೂರ್ತಿ 18,400ರ ಮೇಲಲ್ಲ. 7,000 ಅಥವಾ ಆ ಉದ್ದಿಮೆಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಸುಲಭಕ್ಕೆ ನಿಮ್ಮ ಉದ್ದಿಮೆಯ ಕನಿಷ್ಠ ವೇತನದ ಪಟ್ಟಿಯಲ್ಲಿ ಆ ದರ್ಜೆಗೆ 14,000 ಇದೆ ಅಂದುಕೊಳ್ಳಿ. ನಿಜವಾದ ಅಂಕಿಯನ್ನು ಆ ವರ್ಷದ ವಿಡಿಎ ಆದೇಶದಲ್ಲಿ ನೋಡಿ ಹಾಕಿ.

ಏಪ್ರಿಲ್‌ನಿಂದ ಆಗಸ್ಟ್, 5 ತಿಂಗಳು: 70,000
ಸೆಪ್ಟೆಂಬರ್ 20 ದಿನ: 14,000 × 20 ÷ 30 = 9,333
ಒಟ್ಟು 79,333
ಶೇ 8.33ರಂತೆ 6,608 ರೂಪಾಯಿ
ಕಂಪನಿ ಶೇ 12 ಘೋಷಿಸಿದರೆ 9,520. ಗರಿಷ್ಠ ಶೇ 20 ಆದರೆ 15,867

ಇದೇ ಮನುಷ್ಯನಿಗೆ 7,000 ಹಿಡಿದು ಲೆಕ್ಕ ಹಾಕಿದರೆ ಶೇ 8.33ಕ್ಕೆ 3,304 ಬರುತ್ತದೆ. ಹಳೆಯ ಎಕ್ಸೆಲ್ ಹಾಳೆಯನ್ನು ವರ್ಷವರ್ಷ ನಕಲು ಮಾಡಿಕೊಂಡು ಬಂದ ಕಡೆಯೆಲ್ಲ ಈ ತಪ್ಪು ಕೂತಿರುತ್ತದೆ. ಮಧ್ಯದಲ್ಲಿ ಲಾಸ್ ಆಫ್ ಪೇ (ಸಂಬಳವಿಲ್ಲದ ರಜೆ) ಇದ್ದರೆ ಅಷ್ಟು ದಿನ ಕಳೆಯಿರಿ.

ಶಾಪ್‌ಫ್ಲೋರ್ ಎಚ್‌ಆರ್

ಸರ್, ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಶೇಕಡಾ ಎಷ್ಟೆಂದು ಈಗಲೇ ಹೇಗೆ ಗೊತ್ತಾಗುತ್ತದೆ? ಬ್ಯಾಲೆನ್ಸ್ ಶೀಟ್ ಆಗುವುದು ಮುಂದಿನ ವರ್ಷ. ಅಕ್ಟೋಬರ್‌ನಲ್ಲಿ ಉಳಿದವರಿಗೆಲ್ಲ ಆಯುಧ ಪೂಜೆಗೆ ಕೊಟ್ಟ ಬೋನಸ್ ಹಿಂದಿನ ವರ್ಷದ್ದು.

ಸಂಬಳದ ಹಾಳೆ

ನೀವೇ ಒಂದು ಮುಖ್ಯವಾದ ಮಾತು ಹೇಳಿದಿರಿ. ಇಲ್ಲಿ ಬಾಕಿ ಇರುವುದು ಎರಡು ಬೋನಸ್.

ಒಂದು, 2024-25ರದು. ಆ ವರ್ಷ ಅವರು ಪೂರ್ತಿ ದುಡಿದಿದ್ದಾರೆ. ವರ್ಷ ಮುಗಿದ ಎಂಟು ತಿಂಗಳೊಳಗೆ, ಅಂದರೆ 2025ರ ನವೆಂಬರ್ 30ರೊಳಗೆ ಅದು ಸಂದಾಯ ಆಗಬೇಕು. ಹಬ್ಬಕ್ಕೆ ಕೊಡುವ ಹೊತ್ತಿಗೆ ರೋಲ್‌ನಲ್ಲಿ (ನೌಕರರ ಪಟ್ಟಿಯಲ್ಲಿ) ಇರಲಿಲ್ಲ ಎಂದು ಇದನ್ನು ನುಂಗುವುದೇ ಹೆಚ್ಚು. ಎರಡು, 2025-26ರ ಸೆಪ್ಟೆಂಬರ್ 20ರವರೆಗಿನ ಭಾಗ. ಇದರ ಗಡುವು 2026ರ ನವೆಂಬರ್ 30.

ಎರಡನೆಯದನ್ನು ಕೊಡುವ ಕ್ರಮ ಎರಡಿದೆ. ಫುಲ್ ಅಂಡ್ ಫೈನಲ್ (ಕೆಲಸ ಬಿಟ್ಟವರ ಕೊನೆಯ ಲೆಕ್ಕ ಚುಕ್ತಾ) ಜೊತೆಗೇ ಶೇ 8.33 ಕೊಟ್ಟು, ಮುಂದೆ ಹೆಚ್ಚಿನ ದರ ಘೋಷಣೆಯಾದರೆ ವ್ಯತ್ಯಾಸ ಕಳಿಸುವುದು. ಇಲ್ಲವೇ ಉಳಿದವರ ಜೊತೆಯಲ್ಲೇ ಮುಂದಿನ ವರ್ಷ ಪೂರ್ತಿ ಕೊಡುವುದು. ಎರಡೂ ಸರಿ. ಮೊದಲನೆಯದೇ ಒಳ್ಳೆಯದು, ಏಕೆಂದರೆ ವರ್ಷ ಕಳೆದ ಮೇಲೆ ಆ ಮನುಷ್ಯನ ಬ್ಯಾಂಕ್ ಖಾತೆ ಬದಲಾಗಿರುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ, ಎಚ್‌ಆರ್ ಕೂಡ ಬದಲಾಗಿರುತ್ತಾರೆ.

ಆಡಳಿತ ಪರ

ಎಲ್ಲರೂ ನೌಕರನ ಕಡೆ ಕೂತಂತಿದೆ. ಆರ್ಡರ್ ಕೈಯಲ್ಲಿರುವಾಗ ಆಪರೇಟರ್ ಅರ್ಧದಲ್ಲಿ ಬಿಟ್ಟರೆ ಮಷೀನ್ ನಿಲ್ಲುತ್ತದೆ. ಒಪ್ಪಂದದ ಪ್ರಕಾರ 18 ದಿನದ ಹಣ ನಮಗೆ ಬರಬೇಕು, ಅವರಿಗೆ 6,608 ನಾವು ಕೊಡಬೇಕು. ನಮ್ಮ ಹಣವನ್ನು ಆ ಬೋನಸ್‌ನಲ್ಲಿ ಮುರಿದುಕೊಂಡರೆ ಯಾವ ಕಾನೂನು ಮುರಿದಂತಾಯಿತು? ಬೋನಸ್ ಇಲ್ಲ ಅಂದಿಲ್ಲ, ಹೊಂದಿಸಿಕೊಂಡೆವು ಅಷ್ಟೇ.

ಮಸ್ಟರ್‌ರೋಲ್

ಬೋನಸ್‌ನಿಂದ ಏನನ್ನು ಕಳೆಯಬಹುದು ಅನ್ನುವುದಕ್ಕೂ ಕಾಯ್ದೆಯೇ ಗೆರೆ ಎಳೆದಿದೆ. ಸಂಹಿತೆಯ 37ನೇ ಸೆಕ್ಷನ್ (ಹಳೆಯ 17) ಪ್ರಕಾರ ಪೂಜಾ ಬೋನಸ್‌ನಂತಹ ರೂಢಿಯ ಬೋನಸ್ ಅಥವಾ ಮುಂಗಡ ಕೊಟ್ಟಿದ್ದರೆ ಅದನ್ನು ಕಳೆಯಬಹುದು. 38ನೇ ಸೆಕ್ಷನ್ (ಹಳೆಯ 18) ಪ್ರಕಾರ ದುರ್ನಡತೆಯಿಂದ ಆರ್ಥಿಕ ನಷ್ಟ ಮಾಡಿದ್ದು ಸಾಬೀತಾದರೆ ಆ ನಷ್ಟದ ಮೊತ್ತವನ್ನು ಕಳೆಯಬಹುದು, ಅದೂ ಆ ವರ್ಷದ ಬೋನಸ್‌ನಲ್ಲಿ ಮಾತ್ರ. ಸಾಬೀತು ಅಂದರೆ ಆರೋಪಪಟ್ಟಿ, ವಿಚಾರಣೆ, ನಿರ್ಣಯ. ಮಷೀನ್ ನಿಂತಿತು ಎಂದು ಸೂಪರ್‌ವೈಸರ್ ಬರೆದ ಮೇಲ್ ಸಾಲದು. ನೋಟಿಸ್ ಹಣ ಈ ಎರಡರಲ್ಲಿ ಯಾವುದೂ ಅಲ್ಲ.

ನಿಮಗೆ ಬರಬೇಕಾದ ಹಣ ಬರಬಾರದು ಅಂತ ನಾನು ಹೇಳುತ್ತಿಲ್ಲ. ಒಪ್ಪಂದದಲ್ಲಿ ಇದ್ದರೆ ಕೇಳುವ ಹಕ್ಕು ಇದೆ, ಕೊಡದಿದ್ದರೆ ಸಿವಿಲ್ ದಾವೆ ಹಾಕುವ ದಾರಿ ಇದೆ. ಬೋನಸ್ ಮಾತ್ರ ಆ ಹಣ ವಸೂಲಿ ಮಾಡುವ ಚೀಲ ಅಲ್ಲ.

ಆಡಳಿತ ಪರ

18 ದಿನದ ಹನ್ನೊಂದು ಸಾವಿರಕ್ಕೆ ಸಿವಿಲ್ ದಾವೆ ಯಾರು ಹಾಕುತ್ತಾರೆ ಸ್ವಾಮಿ, ವಕೀಲರ ಫೀಸೇ ಅದಕ್ಕಿಂತ ಜಾಸ್ತಿ. ಸರಿ, ಕೊನೆಯ ಸಂಬಳದಲ್ಲಿ ಮುರಿಯಬಹುದಲ್ಲ?

ಮಂಗಳೂರು ವಕೀಲ್ತಿ

ಇದು ನಿಜವಾಗಿ ಜಟಿಲ ಇರುವ ಜಾಗ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂಬಳದಿಂದ ಏನೇನು ಕಡಿತ ಮಾಡಬಹುದು ಎಂದು 1936ರ ವೇತನ ಪಾವತಿ ಕಾಯ್ದೆಯ 7ನೇ ಸೆಕ್ಷನ್ ಪಟ್ಟಿ ಕೊಟ್ಟಿತ್ತು, ಸಂಹಿತೆಯ 18ನೇ ಸೆಕ್ಷನ್ ಅದನ್ನೇ ಮುಂದುವರಿಸಿದೆ. ದಂಡ, ಗೈರುಹಾಜರಿ, ವಹಿಸಿಕೊಟ್ಟ ವಸ್ತು ಅಥವಾ ಹಣದ ನಷ್ಟ, ಮುಂಗಡ, ಪಿಎಫ್, ತೆರಿಗೆ ಹೀಗೆ. ‘ನೋಟಿಸ್ ಬದಲಿಗೆ ಹಣ’ ಅನ್ನುವ ಬಾಬ್ತು ಸ್ವತಂತ್ರವಾಗಿ ಆ ಪಟ್ಟಿಯಲ್ಲಿಲ್ಲ. ಗೈರುಹಾಜರಿಯ ಕಡಿತ ಹೇಳುವಲ್ಲಿ ಮಾತ್ರ ಒಂದು ಕಡೆ ಬರುತ್ತದೆ: ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ಸೇರಿಕೊಂಡು ನೋಟಿಸ್ ಇಲ್ಲದೆ ಗೈರಾದರೆ, ಒಪ್ಪಂದದಲ್ಲಿ ಹಾಗಿದ್ದರೆ, ಎಂಟು ದಿನದ ಸಂಬಳದವರೆಗೆ ಮುರಿಯಬಹುದು. ಒಬ್ಬರೇ ಬಿಟ್ಟು ಹೋದಾಗ 18 ದಿನ ಮುರಿಯಲು ಇದು ಆಧಾರ ಆಗುವುದಿಲ್ಲ.

ಆದರೂ ಬಹುತೇಕ ಎಲ್ಲ ಕಂಪನಿಗಳೂ ಮುರಿಯುತ್ತವೆ, ನೌಕರರೂ ರಿಲೀವಿಂಗ್ ಲೆಟರ್ ಸಿಕ್ಕರೆ ಸಾಕು ಎಂದು ಸುಮ್ಮನಾಗುತ್ತಾರೆ. ರೂಢಿ ಇದೆ ಅಂದಮಾತ್ರಕ್ಕೆ ಕಾನೂನು ಆಯಿತು ಅಂತಲ್ಲ. ಮಾಡುವುದೇ ಆದರೆ ನೌಕರನಿಂದ ಆ ಮೊತ್ತವನ್ನು ನಮೂದಿಸಿದ ಪ್ರತ್ಯೇಕ ಒಪ್ಪಿಗೆ ಬರೆಸಿಕೊಳ್ಳಿ, ಮತ್ತು ಒಂದು ಸಂಬಳ ಅವಧಿಯಲ್ಲಿ ಒಟ್ಟು ಕಡಿತ ವೇತನದ ಅರ್ಧ ಮೀರದಂತೆ ನೋಡಿಕೊಳ್ಳಿ. ಆ ಶೇ 50ರ ತಡೆ ಹಳೆಯ ಕಾಯ್ದೆಯಲ್ಲೂ ಇತ್ತು, ಸಂಹಿತೆಯಲ್ಲೂ ಇದೆ. ಹಳೆಯ ಕಾಯ್ದೆಗೆ 24,000ದ ವೇತನ ಮಿತಿ ಇತ್ತು. ಸಂಹಿತೆ ಅದನ್ನು ತೆಗೆದಿರುವುದರಿಂದ ಈಗ ಲಕ್ಷ ಸಂಬಳದವರಿಗೂ ಇದೇ ನಿಯಮ.

ಸಂಬಳದ ಹಾಳೆ

ಮೇಡಂ ಹೇಳಿದ ಅರ್ಧದ ತಡೆಯನ್ನು ಈ ಕೇಸಿಗೆ ಹಾಕಿದರೆ: ಸೆಪ್ಟೆಂಬರ್ 20 ದಿನದ ಗ್ರಾಸ್ 15,000. ಅರ್ಧ 7,500. ಅದರಲ್ಲಿ 20 ದಿನದ ಬೇಸಿಕ್ ಮೇಲಿನ ಪಿಎಫ್ 1,472 ಆಗಲೇ ಹೋಯಿತು. ಉಳಿಯುವುದು 6,028. ಅಲ್ಲಿಗೆ ಹನ್ನೊಂದು ಸಾವಿರ ಕೊನೆಯ ಸಂಬಳದಲ್ಲಿ ಪೂರ್ತಿ ಹುಟ್ಟುವುದೇ ಇಲ್ಲ.

ಆ ಹನ್ನೊಂದು ಸಾವಿರ ಅನ್ನುವ ಅಂಕಿಯನ್ನೂ ಒಮ್ಮೆ ನೋಡಿ. 18 ದಿನಕ್ಕೆ ಬೇಸಿಕ್ ಹಿಡಿದು 30ರಿಂದ ಭಾಗಿಸಿದರೆ 11,040. ಬೇಸಿಕ್ ಹಿಡಿದು 26ರಿಂದ ಭಾಗಿಸಿದರೆ 12,738. ಗ್ರಾಸ್ ಹಿಡಿದು 30ರಿಂದ ಅಂದರೆ 13,500. ಲೆಟರ್‌ನಲ್ಲಿ ‘ಬೇಸಿಕ್’ ಇದೆಯೇ, ‘ಗ್ರಾಸ್’ ಇದೆಯೇ ಅನ್ನುವುದೇ ತೀರ್ಮಾನ. ನೋಟಿಸ್ 30 ದಿನ ಅಂದಾಗ ಭಾನುವಾರವೂ ಸೇರಿಯೇ ಎಣಿಸುತ್ತೇವೆ, ಆದ್ದರಿಂದ 30ರಿಂದ ಭಾಗಿಸಬೇಕು. 26 ಗ್ರಾಚ್ಯುಟಿ ಲೆಕ್ಕದ್ದು, ಇಲ್ಲಿಗೆ ತರಬೇಡಿ.

ಈ ವಸೂಲಿಯ ಮೇಲೆ ಜಿಎಸ್‌ಟಿ ಹಾಕಿದ ಹಾಳೆಗಳೂ ಅಲ್ಲಲ್ಲಿ ಬರುತ್ತವೆ. 2022ರ ಆಗಸ್ಟ್ 3ರ ಕೇಂದ್ರ ಸುತ್ತೋಲೆ (178) ನೋಟಿಸ್ ಹಣದ ವಸೂಲಿಗೆ ಜಿಎಸ್‌ಟಿ ಇಲ್ಲ ಎಂದು ಸ್ಪಷ್ಟ ಮಾಡಿದೆ.

ಯೂನಿಯನ್ ಕಚೇರಿ

ರಜೆ ಎಷ್ಟು ಉಳಿದಿದೆ ಅಂತ ಯಾರೂ ಕೇಳಲಿಲ್ಲ. ಮೊದಲು ಅದನ್ನು ನೋಡಿ. ಗಳಿಕೆ ರಜೆ 9 ದಿನ ಇದ್ದರೆ ಅದನ್ನು ನೋಟಿಸ್‌ಗೆ ಹೊಂದಿಸಿ ಕೊಡಿ ಎಂದು ನೌಕರ ಬರಹದಲ್ಲಿ ಕೇಳಬಹುದು. ಬಾಕಿ 18 ದಿನ 9ಕ್ಕೆ ಇಳಿಯುತ್ತದೆ.

ಬೋನಸ್‌ಗೂ ಇದರಿಂದ ಲಾಭ ಇದೆ. ಸಂಬಳಸಹಿತ ರಜೆಯ ದಿನಗಳನ್ನು ದುಡಿದ ದಿನ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು (ಹಳೆಯ 14, ಈಗ 28). ಅಂದರೆ ಕೊನೆಯ ದಿನಾಂಕವನ್ನು 29ಕ್ಕೆ ಸರಿಸಿ ರಜೆ ಹಾಕಿದರೆ ಆ 9 ದಿನದ ವೇತನ ಬೋನಸ್ ಲೆಕ್ಕಕ್ಕೆ ಸೇರುತ್ತದೆ. 20ಕ್ಕೇ ರಿಲೀವ್ ಮಾಡಿ ಅದೇ 9 ದಿನವನ್ನು ನಗದು ಮಾಡಿಕೊಟ್ಟರೆ ಸಾಮಾನ್ಯವಾಗಿ ಸೇರಿಸುವುದಿಲ್ಲ. ಮೊತ್ತ ಸಣ್ಣದು. ಆದರೆ 30 ದಿನದ ಅರ್ಹತೆಯ ಅಂಚಿನಲ್ಲಿರುವವರಿಗೆ ಇದರಿಂದಲೇ ಇಡೀ ಬೋನಸ್ ಉಳಿಯಬಹುದು. ಹೆರಿಗೆ ರಜೆ, ಲೇ-ಆಫ್, ಕೆಲಸದಲ್ಲಿ ಆದ ಅಪಘಾತದ ತಾತ್ಕಾಲಿಕ ಅಶಕ್ತತೆ ಇವೂ ದುಡಿದ ದಿನಗಳೇ.

ಗೋಡೌನ್ ಗುಮಾಸ್ತ

30 ದಿನ ಅಂದರೆ ಒಟ್ಟು ಸರ್ವಿಸ್‌ನಲ್ಲೋ ವರ್ಷಕ್ಕೋ? ಒಬ್ಬರು ಮಾರ್ಚ್ 10ಕ್ಕೆ ಸೇರಿ ಏಪ್ರಿಲ್ 20ಕ್ಕೆ ಬಿಟ್ಟಿದ್ದಾರೆ.

ಮಸ್ಟರ್‌ರೋಲ್

ಪ್ರತಿ ಲೆಕ್ಕಪತ್ರ ವರ್ಷಕ್ಕೂ ಪ್ರತ್ಯೇಕ. ವಾರಕ್ಕೆ ಆರು ದಿನದ ಕೆಲಸ ಅಂದುಕೊಂಡರೆ ಮಾರ್ಚ್‌ನಲ್ಲಿ ಸುಮಾರು 19, ಏಪ್ರಿಲ್‌ನಲ್ಲಿ ಸುಮಾರು 17. ಕೂಡಿದರೆ 30 ದಾಟುತ್ತದೆ, ಆದರೆ ಯಾವ ವರ್ಷದಲ್ಲೂ 30 ಆಗಿಲ್ಲ. ಎರಡರಲ್ಲೂ ಬೋನಸ್ ಇಲ್ಲ.

ಹಳೆಯ ನೌಕರರು ಏಪ್ರಿಲ್‌ನಲ್ಲಿ ಬಿಡುವಾಗಲೂ ಇದು ತಟ್ಟುತ್ತದೆ. ಹಿಂದಿನ ವರ್ಷದ ಬೋನಸ್ ಗಟ್ಟಿ, ಹೊಸ ವರ್ಷದ್ದು ಶುರುವಾಗಿಲ್ಲ. ಆರು ದಿನದ ವಾರದವರು ಮೇ ಎರಡನೇ ವಾರ ದಾಟಿಸಿಕೊಂಡರೆ, ಐದು ದಿನದ ವಾರದವರು ಮೇ ಮೂರನೇ ವಾರದವರೆಗೆ ಇದ್ದರೆ 30 ಆಗಿಯೇ ಆಗುತ್ತದೆ. ಹೇಗೂ ನೋಟಿಸ್ ಕೊಡುವವರು ಪೂರ್ತಿ ನೋಟಿಸ್ ಮಾಡುವುದರಲ್ಲಿ ಇಂಥ ಲಾಭವೂ ಇದೆ.

ಆಡಳಿತ ಪರ

ರಾಜೀನಾಮೆಯನ್ನೇ ಕೊಡದೆ ನಾಪತ್ತೆಯಾದವರು? ನಾವು ಮೂರು ಪತ್ರ ಕಳಿಸಿ, ವಿಚಾರಣೆ ಮಾಡಿ, ಅನಧಿಕೃತ ಗೈರುಹಾಜರಿಗೆ ವಜಾ ಮಾಡಿದ್ದೇವೆ. ಅದು ವಜಾ ತಾನೇ?

ಮಸ್ಟರ್‌ರೋಲ್

ವಜಾ ಹೌದು, ಆದರೆ ಆ ಪಟ್ಟಿಯ ಕಾರಣಕ್ಕೆ ಅಲ್ಲ. ಗೈರುಹಾಜರಿ ಸ್ಟ್ಯಾಂಡಿಂಗ್ ಆರ್ಡರ್ (ಕಾರ್ಖಾನೆಯ ಸೇವಾ ನಿಯಮ) ಪ್ರಕಾರ ದುರ್ನಡತೆ ಇರಬಹುದು, ಬೋನಸ್ ಕಳೆದುಕೊಳ್ಳುವ ದುರ್ನಡತೆ ಅಲ್ಲ. ದುಡಿದಷ್ಟು ದಿನದ್ದು ಕೊಡಬೇಕು.

ಇದರ ಉಲ್ಟಾ ಸಂದರ್ಭದಲ್ಲಿ ಆಡಳಿತದವರೇ ಎಡವುತ್ತಾರೆ. ಸ್ಟೋರ್ಸ್‌ನಲ್ಲಿ ಕಳವು ಸಿಕ್ಕಿಬಿದ್ದು, ಮಾತು ಬೆಳೆಯುವುದು ಬೇಡ ಎಂದು ರಾಜೀನಾಮೆ ಬರೆಸಿಕೊಂಡು ಅದೇ ದಿನ ಕಳಿಸಿಬಿಡುತ್ತಾರೆ. ಆಮೇಲೆ ಬೋನಸ್ ತಡೆಯುತ್ತಾರೆ. ರಾಜೀನಾಮೆ ಅಂಗೀಕಾರ ಆಯಿತು ಅಂದರೆ ವಜಾ ಇಲ್ಲ, ವಜಾ ಇಲ್ಲ ಅಂದರೆ ಅನರ್ಹತೆಯೂ ಇಲ್ಲ. ಬೋನಸ್ ತಡೆಯುವ ಉದ್ದೇಶ ನಿಜಕ್ಕೂ ಇದ್ದರೆ ರಾಜೀನಾಮೆ ಅಂಗೀಕರಿಸದೆ ನೋಟಿಸ್ ಅವಧಿಯೊಳಗೆ ವಿಚಾರಣೆ ಮುಗಿಸಿ ಆದೇಶ ಮಾಡಬೇಕು.

ಬೆಂಚ್ ಮೇಲೆ

ನಮ್ಮಂಥ ಐಟಿಯವರಿಗೆ ಇದರಲ್ಲಿ ಏನಾದರೂ ಇದೆಯಾ? ಬೇಸಿಕ್ 45,000. ವರ್ಷಕ್ಕೆ ವೇರಿಯಬಲ್ ಶೇ 12, ಜೂನ್‌ನಲ್ಲಿ ಬರುತ್ತದೆ. ನೋಟಿಸ್ 90 ದಿನ. ಹೊಸ ಕಂಪನಿ 45 ದಿನದಲ್ಲಿ ಬನ್ನಿ, ಬೈಔಟ್ (ಬಾಕಿ ನೋಟಿಸ್ ದಿನಗಳ ಹಣ) ನಾವು ಕೊಡುತ್ತೇವೆ ಅನ್ನುತ್ತಿದೆ.

ಮಂಗಳೂರು ವಕೀಲ್ತಿ

45,000 ಬೇಸಿಕ್‌ಗೆ ಶಾಸನಬದ್ಧ ಬೋನಸ್ ಇಲ್ಲ. ನಿಮ್ಮದು ಪೂರ್ತಿ ಒಪ್ಪಂದದ ವಿಷಯ, ಒಪ್ಪಂದ ಏನು ಹೇಳುತ್ತದೋ ಅದು.

ನೋಡಬೇಕಾದ ಶಬ್ದಗಳು ಇವು. ‘ಪಾವತಿ ದಿನಾಂಕದಂದು ರೋಲ್‌ನಲ್ಲಿರಬೇಕು’ ಅಂದರೆ ಹಣ ಜಮಾ ಆಗುವವರೆಗೆ ಇರಬೇಕು, ನೋಟಿಸ್‌ನಲ್ಲಿದ್ದರೂ ಸಾಕು. ‘ನೋಟಿಸ್ ಅವಧಿಯಲ್ಲಿರಬಾರದು’ ಅಂದರೆ ಜಮಾ ಆದ ಮೇಲೆಯೇ ರಾಜೀನಾಮೆ ಕಳಿಸಬೇಕು. ‘ಕಂಪನಿಯ ವಿವೇಚನೆಗೆ ಒಳಪಟ್ಟು’ ಅಂದರೆ ಕೇಳುವುದು ಕಷ್ಟ. ಮತ್ತೆ ಈ ಷರತ್ತು ಇರುವುದು ಆಫರ್ ಲೆಟರ್‌ನಲ್ಲೇ ಆಗಬೇಕೆಂದಿಲ್ಲ. ‘ಕಂಪನಿ ಪಾಲಿಸಿಗೆ ಅನುಗುಣವಾಗಿ’ ಎಂದು ಒಂದು ಸಾಲು ಇದ್ದು, ಪಾಲಿಸಿ ಇಂಟ್ರಾನೆಟ್‌ನಲ್ಲಿ ಇರುತ್ತದೆ. ರಾಜೀನಾಮೆ ಕೊಟ್ಟ ಮರುದಿನ ಲಾಗಿನ್ ಹೋಗಬಹುದು. ನಿಮಗೆ ಅನ್ವಯಿಸುವ ಪಾಲಿಸಿಯಲ್ಲಿ ಏನಿದೆ, ಯಾವ ದಿನಾಂಕದ ಆವೃತ್ತಿ ಅನ್ನುವುದನ್ನು ಮೊದಲೇ ಓದಿ ಬರೆದಿಟ್ಟುಕೊಳ್ಳಿ. ನಿಮ್ಮ ಸ್ವಂತ ಲೆಟರ್‌ಗಳು, ಅಪ್ರೈಸಲ್ ಪತ್ರ ನಿಮ್ಮ ಕೈಯಲ್ಲಿರಲಿ. ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡು ಬೇರೆ ತಂಟೆಗೆ ಸಿಕ್ಕಿಕೊಳ್ಳಬೇಡಿ.

ಒಂದು ವ್ಯತ್ಯಾಸ: ಮುಗಿದ ವರ್ಷದ ವೇರಿಯಬಲ್ ಮೊತ್ತವನ್ನು ಪತ್ರದಲ್ಲಿ ಬರೆದು ತಿಳಿಸಿ ಆಗಿದ್ದರೆ, ಷರತ್ತು ಅಸ್ಪಷ್ಟವಾಗಿದ್ದರೆ, ಅದು ಗಳಿಸಿದ ಹಣ ಎಂದು ವಾದಿಸಲು ಜಾಗ ಇದೆ. ರೇಟಿಂಗೇ ಆಗದಿದ್ದರೆ ಇಲ್ಲ.

ಬೆಂಚ್ ಮೇಲೆ

ಜಾಯ್ನಿಂಗ್ ಬೋನಸ್ 2 ಲಕ್ಷ, ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಅಂತಿದೆ. ಹತ್ತು ತಿಂಗಳಾಗಿದೆ. ಪೂರ್ತಿ ಕೇಳುತ್ತಾರಾ?

ಮಂಗಳೂರು ವಕೀಲ್ತಿ

ತಿಂಗಳ ಪ್ರಮಾಣಕ್ಕೆ ಇಳಿಯುತ್ತದೆ ಎಂದು ಬರೆದಿರದಿದ್ದರೆ ಪೂರ್ತಿ ಕೇಳುತ್ತಾರೆ. ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯಯುತವಾದ ಪರಿಹಾರವೇ ಹೊರತು ಬರೆದ ಮೊತ್ತ ಕಣ್ಣು ಮುಚ್ಚಿ ಅಲ್ಲ. ಆದರೆ ಆ ವಾದವನ್ನು ತೀರಾ ನಂಬಿಕೊಂಡು ಕೂರಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಮುಗಿಯುವ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಬಾಂಡನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತಳ್ಳಿಹಾಕಿ ಬಾಂಡ್ ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿಯ ಖರ್ಚು, ಆ ಹುದ್ದೆಯ ಸಂಬಳ ಎಲ್ಲ ನೋಡಿ ಬಂದ ತೀರ್ಪು ಅದು. ಹೊಸಬರಿಗೆ ಹಾಕುವ ಎಲ್ಲ ಬಾಂಡಿಗೂ ಹಾಗೇ ಅನ್ವಯಿಸುತ್ತದೆ ಎನ್ನಲಾಗದು.

ಸಂಬಳದ ಹಾಳೆ

ಜಾಯ್ನಿಂಗ್ ಬೋನಸ್ ವಾಪಸ್ ಕೊಡುವಾಗ ತೆರಿಗೆಯ ಕಡೆ ಗಮನ ಇರಲಿ. ಕೈಗೆ ಬಂದದ್ದು ಟಿಡಿಎಸ್ ಕಳೆದ ಮೇಲಿನದು, ಶೇ 30ರ ಸ್ಲ್ಯಾಬ್ ಆದರೆ ಸುಮಾರು 1,37,600. ವಾಪಸ್ ಕೇಳುವುದು 2,00,000. ಕೊಟ್ಟದ್ದೂ ವಸೂಲಾದದ್ದೂ ಒಂದೇ ಹಣಕಾಸು ವರ್ಷದಲ್ಲಾದರೆ ಪೇರೋಲ್‌ನವರು ಆ 2 ಲಕ್ಷವನ್ನು ಆದಾಯದಿಂದ ತೆಗೆದು ಟಿಡಿಎಸ್ ಸರಿಪಡಿಸಬಹುದು. ಮಾಡಿ ಎಂದು ನೀವು ಬರೆದು ಕೇಳಬೇಕು. ಮಾರ್ಚ್ 31 ದಾಟಿತು ಅಂದರೆ ಆ ತೆರಿಗೆ ಹಿಂದಕ್ಕೆ ತರುವುದು ಬಹಳ ತಾಪತ್ರಯ. ಹಾಗಾಗಿ ಏಪ್ರಿಲ್ ಮೊದಲ ವಾರದಲ್ಲಿ ಕೊನೆಯ ದಿನಾಂಕ ಇಟ್ಟುಕೊಳ್ಳುವುದು ಕೆಟ್ಟ ಆಯ್ಕೆ.

ಹೊಸ ಕಂಪನಿ ಕೊಡುವ ಬೈಔಟ್ ಹಣ ನಿಮಗೆ ಸಂಬಳದ ಆದಾಯವೇ, ತೆರಿಗೆ ಬೀಳುತ್ತದೆ. ಎಷ್ಟು ಕೈಗೆ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಮಾತಾಡಿ.

ಗೋಡೌನ್ ಗುಮಾಸ್ತ

ಪೇಸ್ಲಿಪ್‌ನಲ್ಲೇ ತಿಂಗಳು ತಿಂಗಳು ‘ಸ್ಟ್ಯಾಚುಟರಿ ಬೋನಸ್ 1,166’ ಅಂತ ಬರುತ್ತಿದ್ದರೆ?

ಸಂಬಳದ ಹಾಳೆ

ಅದು ಮುಂಗಡ. 14,000ದ ಶೇ 8.33. ಬಿಡುವಾಗ ಮತ್ತೆ ಕೊಡಬೇಕಿಲ್ಲ. ಆದರೆ ಕಂಪನಿ ಆ ವರ್ಷಕ್ಕೆ ಶೇ 10 ಘೋಷಿಸಿದರೆ ಉಳಿದ ಶೇ 1.67 ಬಿಟ್ಟು ಹೋದವರಿಗೂ ಬಾಕಿ.

ವೇತನ ಸಂಹಿತೆಯ ಹೊಸ ವ್ಯಾಖ್ಯೆಯಿಂದ ಇನ್ನೊಂದು ಏರುಪೇರು ಇದೆ. ಎಚ್‌ಆರ್‌ಎ, ಭತ್ಯೆ ಮೊದಲಾದವು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಬೇಸಿಕ್ 12,000, ಒಟ್ಟು 40,000 ಇದ್ದವರ ವೇತನ ಈಗ 20,000 ಆಗುತ್ತದೆ. ಒಟ್ಟು 46,000 ಇದ್ದರೆ 23,000. ಬೇಸಿಕ್ ಕಡಿಮೆ ತೋರಿಸಿದ್ದರಿಂದ ಇಷ್ಟು ದಿನ ಬೋನಸ್ ವ್ಯಾಪ್ತಿಯಲ್ಲಿದ್ದವರು 21,000ದ ಗೆರೆ ದಾಟಿಬಿಡಬಹುದು. ಸಂಹಿತೆ ಈ ಮಿತಿಯ ಅಂಕಿಯನ್ನು ತನ್ನೊಳಗೆ ಬರೆದುಕೊಂಡಿಲ್ಲ, ಅಧಿಸೂಚನೆಗೆ ಬಿಟ್ಟಿದೆ. ಆದ್ದರಿಂದ ಲೆಕ್ಕ ಹಾಕುವ ದಿನ ಜಾರಿಯಲ್ಲಿರುವ ಅಧಿಸೂಚನೆ ನೋಡಿಯೇ ಹಾಕಿ.

ಶಾಪ್‌ಫ್ಲೋರ್ ಎಚ್‌ಆರ್

ಫುಲ್ ಅಂಡ್ ಫೈನಲ್ ಎಲ್ಲವನ್ನೂ ಎರಡು ದಿನದಲ್ಲಿ ಕೊಡಬೇಕು ಅಂತ ಈಗ ಹೇಳುತ್ತಿದ್ದಾರಲ್ಲ. ಬೋನಸ್ಸೂ ಅಷ್ಟರೊಳಗೆ ಬೇಕೆ?

ಮಸ್ಟರ್‌ರೋಲ್

ಇಲ್ಲ. ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ರಾಜೀನಾಮೆ ಕೊಟ್ಟವರ ‘ವೇತನ’ ಎರಡು ಕೆಲಸದ ದಿನದೊಳಗೆ ಕೊಡಬೇಕು. ಶಾಸನಬದ್ಧ ಬೋನಸ್ ಆ ವೇತನದ ವ್ಯಾಖ್ಯೆಯ ಹೊರಗೆ. ಅದಕ್ಕೆ 39ನೇ ಸೆಕ್ಷನ್‌ನ ಎಂಟು ತಿಂಗಳೇ, ಬ್ಯಾಂಕ್ ಖಾತೆಗೆ ಜಮಾ ಮಾಡಬೇಕು.

ಯೂನಿಯನ್ ಕಚೇರಿ

ನೌಕರರು ಓದುತ್ತಿದ್ದರೆ ಅವರಿಗೆ ಕ್ರಮ ಹೇಳುತ್ತೇನೆ.

ನೋ ಡ್ಯೂಸ್ ಫಾರಂನಲ್ಲಿ ‘ನನಗೆ ಬರಬೇಕಾದ್ದೆಲ್ಲ ಬಂದಿದೆ, ಮುಂದೆ ಏನೂ ಕೇಳುವುದಿಲ್ಲ’ ಎಂದು ಅಚ್ಚಾಗಿರುತ್ತದೆ. ಸಹಿಯ ಪಕ್ಕದಲ್ಲಿ ಕೈಯಲ್ಲೇ ಬರೆಯಿರಿ: 2024-25 ಮತ್ತು 2025-26ರ ಬೋನಸ್ ಬಾಕಿ ಹೊರತುಪಡಿಸಿ. ಬರೆಯಲು ಬಿಡದಿದ್ದರೆ ಸಹಿ ಹಾಕಿ, ಅದೇ ಸಂಜೆ ಮೇಲ್ ಮಾಡಿ. ಸಹಿಯಿಂದ ಹಕ್ಕು ಹೋಗುವುದಿಲ್ಲ, ಆದರೆ ಜಗಳದ ದಿನ ಆ ಮೇಲ್ ಬಹಳ ಕೆಲಸಕ್ಕೆ ಬರುತ್ತದೆ.

ಕೈಯಲ್ಲಿರಬೇಕಾದದ್ದು: ಅಪಾಯಿಂಟ್‌ಮೆಂಟ್ ಲೆಟರ್, ಆ ವರ್ಷದ ಪೇಸ್ಲಿಪ್‌ಗಳು, ಸಂಬಳ ಜಮಾ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ರಾಜೀನಾಮೆಯ ಮೇಲ್ ಮತ್ತು ಅಂಗೀಕಾರ, ಪಿಎಫ್ ಪಾಸ್‌ಬುಕ್. ಪೇಸ್ಲಿಪ್ ಕೊಡದ ಕಡೆ ಪಿಎಫ್ ಪಾಸ್‌ಬುಕ್ಕೇ ಸಾಕ್ಷಿ, ಪ್ರತಿ ತಿಂಗಳ ವೇತನ ಅದರಲ್ಲಿರುತ್ತದೆ.

ಗಡುವು ಮುಗಿದ ಮೇಲೆ ಒಂದು ಬೇಡಿಕೆ ಪತ್ರ, ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ. ವರ್ಷ, ದುಡಿದ ಅವಧಿ, ವೇತನ, ಕೇಳುವ ಮೊತ್ತ, 15 ದಿನದ ಕಾಲಾವಕಾಶ. ಅರ್ಧ ಪುಟ ಸಾಕು. ಉತ್ತರ ಬರದಿದ್ದರೆ ಕೆಲಸದ ಜಾಗ ಯಾವ ವ್ಯಾಪ್ತಿಗೆ ಬರುತ್ತದೋ ಅಲ್ಲಿಯ ಕಾರ್ಮಿಕ ಅಧಿಕಾರಿಗೆ ದೂರು. ಬೆಂಗಳೂರಿನಲ್ಲಿ ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಬ್ಯಾಂಕ್, ವಿಮೆ, ರೈಲ್ವೆ, ಗಣಿ ಇವು ಕೇಂದ್ರದ ಕಾರ್ಮಿಕ ಆಯುಕ್ತರ ವ್ಯಾಪ್ತಿ, ರಾಜ್ಯದ ಕಚೇರಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಮಂಗಳೂರು ವಕೀಲ್ತಿ

ಕಾಲಮಿತಿ ಸೇರಿಸುತ್ತೇನೆ. ಹಳೆಯ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಬಾಕಿಯಾದ ದಿನದಿಂದ ಒಂದು ವರ್ಷ. ಭೂಕಂದಾಯದ ಬಾಕಿಯಂತೆ ವಸೂಲಿ. ‘ನೌಕರ’ ಅಂದರೆ ಕೆಲಸ ಬಿಟ್ಟು ಹೋದ ಅರ್ಹರೂ ಸೇರುತ್ತಾರೆ ಎಂದು ಅದೇ ಸೆಕ್ಷನ್‌ನ ವಿವರಣೆಯಲ್ಲಿ ಬರೆದಿತ್ತು. ರೋಲ್‌ನಲ್ಲಿಲ್ಲದವರಿಗೆ ಬೋನಸ್ ಇಲ್ಲ ಅನ್ನುವವರು ಅದನ್ನು ಓದಬೇಕು. ಸಂಹಿತೆಯ 45ನೇ ಸೆಕ್ಷನ್‌ನಲ್ಲಿ ಅರ್ಜಿಗೆ ಮೂರು ವರ್ಷ, ಪ್ರಾಧಿಕಾರ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆ ಮಾಲೀಕರದು.

ಆಡಳಿತ ಪರ

ಹತ್ತು ಪಟ್ಟು ಅಂದಮೇಲೆ 6,608 ಕೊಟ್ಟುಬಿಡುವುದೇ ಅಗ್ಗ. ಆದರೆ ಖಾತೆ ಮುಚ್ಚಿಹೋಗಿ ಹಣ ವಾಪಸ್ ಬಂದರೆ? ಆತ ಫೋನ್ ಎತ್ತುವುದಿಲ್ಲ.

ಮಸ್ಟರ್‌ರೋಲ್

ಕೊನೆಗೆ ಗೊತ್ತಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ಬ್ಯಾಂಕ್ ವಿವರ ಕೇಳಿ. ವಾಪಸ್ ಬಂದ ವಹಿವಾಟಿನ ದಾಖಲೆ ಮತ್ತು ಅಂಚೆ ರಸೀದಿ ಫೈಲ್‌ನಲ್ಲಿರಲಿ. ಬೋನಸ್ ರಿಜಿಸ್ಟರ್‌ನಲ್ಲಿ ಅವರ ಹೆಸರಿನ ಮುಂದೆ ಮೊತ್ತ ತೋರಿಸಿ, ‘ಪಾವತಿ ಬಾಕಿ’ ಎಂದು ನಮೂದಿಸಿ, ಹೆಸರೇ ಬಿಡಬೇಡಿ. ಪುಸ್ತಕದಲ್ಲಿ ಹೊಣೆಯಾಗಿಯೇ ಉಳಿಸಿ, ಲಾಭಕ್ಕೆ ತಿರುಗಿಸಬೇಡಿ. ಮೂರು ವರ್ಷ ಯಾರೂ ತೆಗೆದುಕೊಳ್ಳದ ಬಾಕಿ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗಬೇಕು, ಕಂಪನಿಗೆ ಉಳಿಯುವುದಿಲ್ಲ.

ಶಾಪ್‌ಫ್ಲೋರ್ ಎಚ್‌ಆರ್

ಸರಿ ಸರ್. 2024-25ರದನ್ನು ಉಳಿದವರಿಗೆ ಕೊಟ್ಟ ದರದಲ್ಲೇ ಹಾಕುತ್ತೇನೆ, 2025-26ಕ್ಕೆ ಶೇ 8.33. ಸೆಟ್ಲ್‌ಮೆಂಟ್ ಹಾಳೆಯಲ್ಲಿ ನೋಟಿಸ್ ಸಾಲು ಎಲ್ಲಿ ಬರೆಯಲಿ?

ಸಂಬಳದ ಹಾಳೆ

ಎರಡು ಹಾಳೆ ಮಾಡಿ. ಒಂದರಲ್ಲಿ ಸಂಬಳ, ರಜೆ ನಗದು, ಪಿಎಫ್, ಮತ್ತು ಅವರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ನೋಟಿಸ್ ವಸೂಲಿ. ಇನ್ನೊಂದರಲ್ಲಿ ಬರೀ ಬೋನಸ್: ವರ್ಷ, ದಿನ, ಲೆಕ್ಕಕ್ಕೆ ಹಿಡಿದ ವೇತನ, ದರ, ಮೊತ್ತ. ಬೋನಸ್ ಮೇಲೆ ಪಿಎಫ್ ಹಿಡಿಯಬೇಡಿ. ಬ್ಯಾಂಕ್‌ಗೂ ಎರಡು ಬೇರೆ ವರ್ಗಾವಣೆ ಮಾಡಿ, ನರೇಶನ್‌ನಲ್ಲಿ (ವರ್ಗಾವಣೆಯ ವಿವರದ ಸಾಲಿನಲ್ಲಿ) ವರ್ಷ ಹಾಕಿ.